ಮಗಳು ಬಂದರೆ ಮರೆಯಾಗುವ ಪ್ರಿಂಟರ್: ಒಂದು ಮನೆಯ ಐಪಿ ವಿಳಾಸಗಳ ಪ್ರಕರಣ

ದೂರು

"ಮಗಳು ಮನೆಗೆ ಬಂದಳೆಂದರೆ ಪ್ರಿಂಟರ್ ನಿಂತುಹೋಗುತ್ತದೆ. ಒಮ್ಮೆ ಬಂದು ನೋಡು." ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ. ಕಾಕತಾಳೀಯವಿರಬೇಕು ಎಂದು ಮೊದಲು ತಳ್ಳಿಹಾಕಿದೆ. ಆದರೆ ಅಕ್ಕ ಲೆಕ್ಕಪತ್ರದ ಕೆಲಸದವಳು, ಅಂದಾಜಿನ ಮಾತು ಆಡುವವಳಲ್ಲ. 21 ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಳು. ಬೆಳಗ್ಗೆ ಮಗಳು ಕಾಲೇಜಿಗೆ ಹೊರಟ ಮೇಲೆ ಮುದ್ರಣ ಸರಾಗ. ಸಂಜೆ ಅವಳು ಬಂದ ಸ್ವಲ್ಪ ಹೊತ್ತಿಗೆ ಪ್ರಿಂಟರ್ ಆಫ್‌ಲೈನ್. ರಜೆಯ ದಿನ ಅವಳು ಮನೆಯಲ್ಲೇ ಇದ್ದರೆ ದಿನವಿಡೀ ಮುದ್ರಣವಿಲ್ಲ. 21 ದಿನಗಳಲ್ಲಿ 19 ದಿನ ಈ ಲೆಕ್ಕ ತಪ್ಪಿರಲಿಲ್ಲ. ಉಳಿದ ಎರಡು ದಿನ ಮಾತ್ರ ಮಗಳು ಮನೆಯಲ್ಲಿದ್ದಾಗಲೂ ಪ್ರಿಂಟರ್ ಚೆನ್ನಾಗಿಯೇ ನಡೆದಿತ್ತು. ಆ ಎರಡು ದಿನಗಳಿಗೂ ಅಕ್ಕ ಸುತ್ತುಹಾಕಿ ಪ್ರಶ್ನಾರ್ಥಕ ಚಿಹ್ನೆ ಬರೆದಿದ್ದಳು. ಕೊನೆಗೆ ಗಂಟು ಬಿಡಿಸಿದ್ದು ಆ ಎರಡು ಚಿಹ್ನೆಗಳೇ.

ಕೇಳುತ್ತಾ ಹೋದಂತೆ ಇನ್ನೂ ಎರಡು ದೂರುಗಳು ಹೊರಬಂದವು. ಮಹಡಿಯ ಮೇಲಿನ ಕೋಣೆಯಲ್ಲಿ ಭಾವನ ಲ್ಯಾಪ್‌ಟಾಪಿಗೆ ವೈಫೈ ಸಿಗುತ್ತದೆ, ಇಂಟರ್ನೆಟ್ ಸಿಗುವುದಿಲ್ಲ. ಬಾಗಿಲ ಬಳಿಯ ಕ್ಯಾಮೆರಾ ವಾರಕ್ಕೊಮ್ಮೆ ಕಾಣೆಯಾಗುತ್ತದೆ. ಇಂಟರ್ನೆಟ್ ಸಂಪರ್ಕ ಕೊಟ್ಟವರು ಎರಡು ಸಲ ಬಂದು, ಕೇಬಲ್ ಪರೀಕ್ಷಿಸಿ, ವೇಗ ಅಳೆದು, ಎಲ್ಲ ಸರಿಯಾಗಿದೆ ಎಂದು ಹೇಳಿ ಹೋಗಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಹೊರಗಿನಿಂದ ಮನೆಯವರೆಗಿನ ದಾರಿ ಸರಿಯಾಗಿಯೇ ಇತ್ತು, ಗೊಂದಲವಿದ್ದದ್ದು ಹೊಸಿಲಿನ ಒಳಗೆ.

ಅಷ್ಟರಲ್ಲಿ ಮನೆಯವರು ಒಂದು ಅಭ್ಯಾಸಕ್ಕೆ ಬಿದ್ದಿದ್ದರು. ಏನೇ ಆದರೂ ರೂಟರ್ ಆರಿಸಿ ಮತ್ತೆ ಹಾಕುವುದು. ಹುತ್ತ ಬಡಿದರೆ ಹಾವು ಸಾಯದು. ಹಾಗೆ ಮಾಡಿದಾಗ ಸ್ವಲ್ಪ ಹೊತ್ತು ಒಂದು ತೊಂದರೆ ಅಡಗಿ, ಇನ್ನೊಂದು ಕಡೆ ಮತ್ತೊಂದು ತಲೆ ಎತ್ತುತ್ತಿತ್ತು. ಅದಕ್ಕೂ ಕಾರಣವಿದೆ. ಮನೆಯ ನೆಟ್‌ವರ್ಕಿನಲ್ಲಿ ಪ್ರತಿ ಉಪಕರಣಕ್ಕೂ ಸಂಖ್ಯೆಯ ಗುರುತೊಂದು ಬೇಕು, ಅದೇ ಐಪಿ ವಿಳಾಸ. ಸಾಮಾನ್ಯವಾಗಿ ಅದನ್ನು ಹಂಚುವುದು ರೂಟರ್. ಯಾವ ವಿಳಾಸ ಯಾರಿಗೆ ಕೊಟ್ಟಿದ್ದೇನೆ ಎಂಬ ಪಟ್ಟಿಯನ್ನು ಎಷ್ಟೋ ಮನೆ ರೂಟರ್‌ಗಳು ತಾತ್ಕಾಲಿಕ ಮೆಮೊರಿಯಲ್ಲಿ ಮಾತ್ರ ಇಟ್ಟುಕೊಂಡಿರುತ್ತವೆ. ಕರೆಂಟ್ ತೆಗೆದರೆ ಆ ಪಟ್ಟಿ ಅಳಿಸಿಹೋಗುತ್ತದೆ, ಆದರೆ ವಿಳಾಸ ಪಡೆದ ಉಪಕರಣಗಳು ತಮ್ಮದನ್ನು ಮರೆತಿರುವುದಿಲ್ಲ.

ಉತ್ತರ ಕೊಟ್ಟವರು ಯಾರು?

ಶನಿವಾರ ಮಧ್ಯಾಹ್ನ ಹೋದೆ. ಮಗಳು ಮನೆಯಲ್ಲಿದ್ದಳು, ಅಂದರೆ ದೋಷವೂ ಮನೆಯಲ್ಲಿತ್ತು. ರೂಟರನ್ನು ಯಾರೂ ಮುಟ್ಟಬೇಡಿ ಎಂದು ಹೇಳಿ ಮೊದಲು ಪ್ರಿಂಟರಿನ ಮುಂದೆ ಕುಳಿತೆ. ಅದರ ಗುಂಡಿಗಳಿಂದಲೇ ತನ್ನ ಸೆಟ್ಟಿಂಗ್‌ಗಳ ಪುಟವೊಂದನ್ನು ಅದು ಮುದ್ರಿಸಿಕೊಡುತ್ತದೆ, ಇದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಪುಟದಲ್ಲಿದ್ದದ್ದು: ಐಪಿ ವಿಳಾಸ 192.168.1.5, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಅಂದರೆ ರೂಟರ್) 192.168.1.1, ವಿಳಾಸ ಪಡೆದ ವಿಧಾನ ಮ್ಯಾನ್ಯುವಲ್, ಅಂದರೆ ಕೈಯಿಂದ ಬರೆದದ್ದು. ಅದರ ಕೆಳಗೆ ಯಂತ್ರದ ಹುಟ್ಟುಗುರುತಾದ ಮ್ಯಾಕ್ ವಿಳಾಸ, ಕೊನೆಯ ಎರಡು ಜೋಡಿ 48 ಮತ್ತು 15.

ಮ್ಯಾನ್ಯುವಲ್ ಎಂಬ ಪದ ಕಂಡಕೂಡಲೇ ಅನುಮಾನ ಹುಟ್ಟಿತು. ಆದರೆ ಅನುಮಾನ ಪುರಾವೆಯಲ್ಲ.

ಅಕ್ಕನ ಲ್ಯಾಪ್‌ಟಾಪಿನಿಂದ 192.168.1.5ಕ್ಕೆ ಪಿಂಗ್ ಕಳುಹಿಸಿದೆ, ಅಂದರೆ ಇದ್ದೀಯಾ ಎಂದು ಕೇಳುವ ಪುಟ್ಟ ಸಂದೇಶ. ನಾಲ್ಕಕ್ಕೆ ನಾಲ್ಕೂ ಉತ್ತರ ಬಂದವು. ಹಿಂದೆ ನೋಡಲು ಬಂದವರೂ ಇಲ್ಲಿಯೇ ನಿಂತು, ನೆಟ್‌ವರ್ಕ್ ಸರಿಯಾಗಿದೆ, ಪ್ರಿಂಟರ್ ಕೆಟ್ಟಿದೆ ಎಂದು ತೀರ್ಪು ಕೊಟ್ಟಿದ್ದರು. ನಾನು ಉತ್ತರ ಬರಲು ಹಿಡಿದ ಸಮಯ ನೋಡಿದೆ: 4, 87, 12, 143 ಮಿಲಿಸೆಕೆಂಡ್. ಪ್ರಿಂಟರ್ ಕೇಬಲ್ ಮೂಲಕ ನೇರವಾಗಿ ರೂಟರಿಗೆ ಸೇರಿದೆ, ಲ್ಯಾಪ್‌ಟಾಪ್ ರೂಟರಿನ ಪಕ್ಕದಲ್ಲೇ ಇದೆ. ಎರಡು ಮೂರು ಮಿಲಿಸೆಕೆಂಡಿನಲ್ಲಿ ಒಂದೇ ಸಮನೆ ಉತ್ತರ ಬರಬೇಕಿತ್ತು. ಹೀಗೆ ಏರಿಳಿಯುವುದು ಬ್ಯಾಟರಿ ಉಳಿಸಲು ಆಗಾಗ ತೂಕಡಿಸುವ ವೈಫೈ ಉಪಕರಣದ ಲಕ್ಷಣ. ಉತ್ತರ ಬರುತ್ತಿದೆ ನಿಜ, ಕೊಡುತ್ತಿರುವವರು ಯಾರು?

ಅದನ್ನು ತಿಳಿಯಲು ಎಆರ್‌ಪಿ ಪಟ್ಟಿ ನೋಡಬೇಕು. ಒಂದೇ ನೆಟ್‌ವರ್ಕಿನೊಳಗೆ ಮಾತುಕತೆ ನಡೆಯುವುದು ಕೊನೆಗೂ ಮ್ಯಾಕ್ ವಿಳಾಸಗಳ ಮೇಲೆ. ಐಪಿ ವಿಳಾಸ ಗೊತ್ತಿದ್ದರೆ ಸಾಲದು. "192.168.1.5 ಯಾರು?" ಎಂದು ಲ್ಯಾಪ್‌ಟಾಪ್ ಎಲ್ಲರಿಗೂ ಕೇಳುವಂತೆ ಕೂಗುತ್ತದೆ, "ನಾನು" ಎಂದವರ ಮ್ಯಾಕ್ ವಿಳಾಸವನ್ನು ಬರೆದಿಟ್ಟುಕೊಳ್ಳುತ್ತದೆ. 1982ರಿಂದ ಇದೇ ಕ್ರಮ. ಈ ಕ್ರಮದಲ್ಲಿ ನಾನು ಎಂದವರ ಮಾತನ್ನು ನಂಬುವುದೇ ಹೊರತು ಗುರುತಿನ ಚೀಟಿ ಕೇಳುವುದಿಲ್ಲ. ಲ್ಯಾಪ್‌ಟಾಪಿನ ಪಟ್ಟಿಯಲ್ಲಿ 192.168.1.5ರ ಎದುರು ಇದ್ದ ಮ್ಯಾಕ್ ವಿಳಾಸ 90 ಮತ್ತು 62 ಎಂದು ಮುಗಿಯುತ್ತಿತ್ತು. ನನ್ನ ಕೈಯಲ್ಲಿದ್ದ ಪುಟದಲ್ಲಿ 48 ಮತ್ತು 15.

ಅಕ್ಕನ ಮಗಳನ್ನು ಕರೆದು ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಲು ಹೇಳಿದೆ. ಮತ್ತೆ ಪಿಂಗ್: ನಾಲ್ಕಕ್ಕೆ ಒಂದೂ ಉತ್ತರವಿಲ್ಲ, ಏಕೆಂದರೆ ಲ್ಯಾಪ್‌ಟಾಪ್ ಇನ್ನೂ ಹಳೆಯ ನಂಬಿಕೆಯಲ್ಲೇ ಫೋನನ್ನು ಹುಡುಕುತ್ತಿತ್ತು. ಪಟ್ಟಿಯ ಆ ಒಂದು ಸಾಲನ್ನು ಅಳಿಸಿ ಮತ್ತೊಮ್ಮೆ ಪಿಂಗ್ ಕಳುಹಿಸಿದೆ: 2, 2, 3, 2. ಪಟ್ಟಿಯಲ್ಲಿ 48, 15. ಸಾಲಿನಲ್ಲಿ ಸಿಕ್ಕಿಕೊಂಡಿದ್ದ ಆರು ಪುಟಗಳು ಒಂದರ ಹಿಂದೆ ಒಂದರಂತೆ ಹೊರಬಂದವು. ಅಕ್ಕ ಕ್ಯಾಲೆಂಡರ್ ಎತ್ತಿಕೊಂಡು ಬಂದಳು. "ಹಾಗಾದರೆ ನಾನು ಹೇಳಿದ್ದು ಸರಿ ತಾನೇ?" ಅವಳು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಬಳಸುವವರು ಹೀಗೆ ಎಚ್ಚರದಿಂದ ಬರೆದಿಟ್ಟ ಗುರುತು ಎಷ್ಟೇ ಅಸಂಬದ್ಧವಾಗಿ ಕಂಡರೂ ನಾವು ತಳ್ಳಿಹಾಕಬಾರದು. ಮೊದಲ ಫೋನಿನಲ್ಲಿ ನಾನು ಹಾಗೆ ಮಾಡಿದ್ದಕ್ಕೆ ಈಗಲೂ ಬೇಸರವಿದೆ.

ಒಂದು ವಿಳಾಸ ಇಬ್ಬರ ಪಾಲಾದದ್ದು ಹೇಗೆ? ರೂಟರಿನ ಪುಟ ತೆರೆದೆ. ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆ ಚಾಲೂ ಇತ್ತು, ಹಂಚುವ ವ್ಯಾಪ್ತಿ 192.168.1.2ರಿಂದ 192.168.1.254ರವರೆಗೆ. ಅಂದರೆ ತನ್ನದೊಂದನ್ನು ಬಿಟ್ಟು ನೆಟ್‌ವರ್ಕಿನ ಎಲ್ಲ ವಿಳಾಸಗಳೂ ಹಂಚಿಕೆಗೆ ಮುಕ್ತ. ಮಾಸ್ಕ್ 255.255.255.0 ಎಂದಿರುವಾಗ ಮೊದಲ ಮೂರು ಭಾಗ ಬೀದಿಯ ಹೆಸರು, ಕೊನೆಯದು ಮನೆಯ ಸಂಖ್ಯೆ. 0 ಬೀದಿಗೇ ಮೀಸಲು, 255 ಎಲ್ಲರಿಗೂ ಒಟ್ಟಿಗೆ ಕೂಗಲು ಮೀಸಲು, ಉಳಿದ 254 ಬಳಕೆಗೆ. ಪ್ರಿಂಟರ್ ಅಳವಡಿಸಿದವರು ಆ ವ್ಯಾಪ್ತಿಯೊಳಗಿನ 5ನ್ನು ಕೈಯಿಂದ ಬರೆದು ಹೋಗಿದ್ದಾರೆ. ಕೈಯಿಂದ ಬರೆದ ವಿಳಾಸವಿರುವ ಯಂತ್ರ ರೂಟರನ್ನು ಏನೂ ಕೇಳುವುದಿಲ್ಲ, ಆದ್ದರಿಂದ ರೂಟರಿಗೆ ಅದರ ಸುದ್ದಿಯೇ ಇಲ್ಲ. ರೂಟರಿನ ಪುಸ್ತಕದಲ್ಲಿ 5 ಖಾಲಿ ಮನೆ. ಫೋನ್ ಬಂದು ಕೇಳಿದಾಗ ಅದನ್ನೇ ಕೊಟ್ಟಿದೆ.

ಕೊಡುವ ಮೊದಲು ಹಂಚುವವನು ಆ ವಿಳಾಸಕ್ಕೊಂದು ಪಿಂಗ್ ಕಳುಹಿಸಿ ನೋಡಬೇಕು, ಪಡೆದವನೂ ಒಮ್ಮೆ ಕೂಗಿ ಯಾರಾದರೂ ಇದ್ದಾರೆಯೇ ಎಂದು ಕೇಳಬೇಕು ಎಂಬ ಸಲಹೆ 1997ರ ಡಿಎಚ್‌ಸಿಪಿ ನಿಯಮಾವಳಿಯಲ್ಲೇ ಇದೆ. ಎಲ್ಲರೂ ಪಾಲಿಸುವುದಿಲ್ಲ. ಪಾಲಿಸಿದರೂ ಆ ಕ್ಷಣದಲ್ಲಿ ಪ್ರಿಂಟರ್ ವಿದ್ಯುತ್ ಉಳಿಸುವ ನಿದ್ದೆಯಲ್ಲಿದ್ದರೆ ಉತ್ತರ ಕೊಡದೇ ಹೋಗಬಹುದು.

ಒಮ್ಮೆ ಕೊಟ್ಟ ಮೇಲೆ ಫೋನ್ ಅದನ್ನು ಬಿಡಲಿಲ್ಲ. ಡಿಎಚ್‌ಸಿಪಿ ವಿಳಾಸ ಕೊಡುವುದು ಗೇಣಿಗೆ ಕೊಟ್ಟಂತೆ, ಅವಧಿಯ ಕರಾರಿನ ಮೇಲೆ. ಈ ರೂಟರಿನಲ್ಲಿ ಅವಧಿ 86,400 ಸೆಕೆಂಡ್, ಅಂದರೆ ಒಂದು ದಿನ. ಅರ್ಧ ಅವಧಿ ಕಳೆದಾಗಲೇ ಉಪಕರಣ ನವೀಕರಣ ಕೇಳುತ್ತದೆ. ಹೊರಗೆ ಹೋಗಿ ಸಂಜೆ ಮರಳಿದರೂ "ನಿನ್ನೆ ನನ್ನ ಬಳಿ 5 ಇತ್ತು, ಅದನ್ನೇ ಕೊಡಿ" ಎಂದು ಕೇಳುತ್ತದೆ. ರೂಟರಿನ ಪಟ್ಟಿ ಅಳಿಸಿಹೋಗಿದ್ದರೂ 5 ಖಾಲಿ ಕಾಣುವುದರಿಂದ ಅದೇ ಸಿಗುತ್ತದೆ. ಆದ್ದರಿಂದಲೇ ಅಕ್ಕನ ಕ್ಯಾಲೆಂಡರ್ ಅಷ್ಟು ನಿಖರವಾಗಿತ್ತು.

ಇಬ್ಬರಿಗೂ ಒಂದೇ ವಿಳಾಸವಿದ್ದರೆ ಫೋನಿಗೂ ತೊಂದರೆಯಾಗಬೇಕಿತ್ತಲ್ಲ ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಫೋನ್ ಎಡೆಬಿಡದೆ ಮಾತನಾಡುತ್ತದೆ, ಪ್ರಿಂಟರ್ ಕೇಳಿದರೆ ಮಾತ್ರ. ಹೆಚ್ಚು ಮಾತನಾಡುವವರ ಹೆಸರೇ ಉಳಿದವರ ಪಟ್ಟಿಯಲ್ಲಿ ನಿಲ್ಲುತ್ತದೆ. ಹಾಗಾಗಿ ಸೋತದ್ದು ಪ್ರಿಂಟರ್ ಒಂದೇ.

ಮಹಡಿಯ ಮೇಲಿನ ಎರಡನೆಯ ಯಜಮಾನ

ಇಲ್ಲಿಗೆ ಪ್ರಕರಣ ಮುಗಿಯಿತು ಎಂದು ಎದ್ದಿದ್ದರೆ ವಾರದೊಳಗೆ ಮತ್ತೆ ಕರೆ ಬರುತ್ತಿತ್ತು. ಆ ಎರಡು ಪ್ರಶ್ನಾರ್ಥಕ ಚಿಹ್ನೆಗಳು ಉಳಿದೇ ಇದ್ದವು.

ಭಾವನ ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕ್ ವಿವರ ತೆಗೆದು ನೋಡಿದೆ. ಐಪಿ ವಿಳಾಸ 192.168.0.104. ಗೇಟ್‌ವೇ 192.168.0.1. ಡಿಎಚ್‌ಸಿಪಿ ಸರ್ವರ್ ಎಂಬ ಸಾಲಿನ ಎದುರೂ 192.168.0.1. ಕೆಳಗಿನ ರೂಟರ್ ಕೊಡುವುದು 192.168.1 ಎಂದು ಶುರುವಾಗುವ ವಿಳಾಸ. ಇಲ್ಲಿ ಮೂರನೆಯ ಭಾಗ 1 ಅಲ್ಲ, 0. ಬೀದಿಯೇ ಬೇರೆ. ಹಂಚಿದವರೂ ಬೇರೆ.

"ಭಾವ, ಮೇಲೆ ಇನ್ನೊಂದು ರೂಟರ್ ಇದೆಯೇ?"

"ಹಳೆಯದೊಂದು ಇತ್ತಲ್ಲ, ಕೋಣೆಗೆ ಸಿಗ್ನಲ್ ಬರುತ್ತಿರಲಿಲ್ಲವೆಂದು ಕಪಾಟಿನ ಮೇಲೆ ಇಟ್ಟಿದ್ದೇನೆ. ಕೆಳಗಿನಿಂದ ಕೇಬಲ್ ಎಳೆದು ಸಿಕ್ಕಿಸಿದ್ದೇನೆ. ಅದರಿಂದ ತೊಂದರೆಯೇ?"

ಅವರು ಮಾಡಿದ್ದರಲ್ಲಿ ಮುಕ್ಕಾಲು ಪಾಲು ಸರಿ. ಹಳೆಯ ರೂಟರನ್ನು ವೈಫೈ ಹರಡಲು ಬಳಸುವುದು ಒಳ್ಳೆಯ ಉಪಾಯ. ಕೇಬಲನ್ನು ಮನೆಯೊಳಗಿನ ಸಂಪರ್ಕದ ಲ್ಯಾನ್ ಪೋರ್ಟಿಗೆ ಸಿಕ್ಕಿಸಿದ್ದೂ ಸರಿಯಾದದ್ದೇ. ಆದರೆ ಆ ಹಳೆಯ ಯಂತ್ರ ಇನ್ನೂ ತಾನೇ ಮನೆಯ ಯಜಮಾನ ಎಂದು ನಂಬಿತ್ತು. ಅದರ ಡಿಎಚ್‌ಸಿಪಿ ಚಾಲೂ ಇತ್ತು, ಕೇಳಿದವರಿಗೆಲ್ಲ 192.168.0ರ ವಿಳಾಸ ಕೊಟ್ಟು, ಹೊರಗೆ ಹೋಗಲು ನನ್ನ ಬಳಿಗೇ ಬನ್ನಿ ಎನ್ನುತ್ತಿತ್ತು. ಹೊರಗಿನ ಸಂಪರ್ಕದ ಅದರ ವ್ಯಾನ್ ಪೋರ್ಟ್ ಖಾಲಿ. ನಂಬಿ ಹೋದವರಿಗೆ ವೈಫೈ ಪೂರ್ತಿ, ಇಂಟರ್ನೆಟ್ ಶೂನ್ಯ.

ಹೊಸ ಉಪಕರಣ ವಿಳಾಸ ಪಡೆಯುವುದು ನಾಲ್ಕು ಮಾತುಗಳಲ್ಲಿ: ಕೊಡುವವರು ಯಾರಾದರೂ ಇದ್ದೀರಾ ಎಂಬ ಕೂಗು, ನಾನಿದ್ದೇನೆ ಇದನ್ನು ತೆಗೆದುಕೋ ಎಂಬ ಪ್ರಸ್ತಾಪ, ಸರಿ ಅದೇ ಇರಲಿ ಎಂಬ ಕೋರಿಕೆ, ಆಗಬಹುದು ಎಂಬ ಒಪ್ಪಿಗೆ. ಕೂಗು ಇಡೀ ನೆಟ್‌ವರ್ಕಿಗೆ ಕೇಳಿಸುತ್ತದೆ. ಇಬ್ಬರು ಹಂಚುವವರಿದ್ದರೆ ಇಬ್ಬರೂ ಪ್ರಸ್ತಾಪ ಕಳುಹಿಸುತ್ತಾರೆ, ಸಾಮಾನ್ಯವಾಗಿ ಮೊದಲು ತಲುಪಿದ್ದು ಗೆಲ್ಲುತ್ತದೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬಂಥ ಸ್ಥಿತಿ. ಮಹಡಿಯ ಮೇಲಿನವರಿಗೆ ಹೆಚ್ಚಾಗಿ ಹಳೆಯ ರೂಟರ್ ಗೆಲ್ಲುತ್ತಿತ್ತು, ಕೆಳಗಿನವರಿಗೆ ಹೊಸದು. ಕ್ಯಾಮೆರಾ ಎರಡರ ನಡುವೆ ಓಲಾಡುತ್ತಿತ್ತು.

ಪ್ರಶ್ನಾರ್ಥಕ ಚಿಹ್ನೆಯ ದಿನಾಂಕಗಳನ್ನು ಮಗಳಿಗೆ ತೋರಿಸಿದೆ. ಅವಳು ಸಂದೇಶಗಳನ್ನು ಹಿಂದಕ್ಕೆ ಸರಿಸಿ ಹುಡುಕಿದಳು. ಎರಡೂ ಸಂಜೆ ಅಮ್ಮನಿಗೆ ಬರೆದಿದ್ದಳು, ಮನೆಯ ನೆಟ್ ಬರುತ್ತಿಲ್ಲ, ಮೊಬೈಲ್ ಡೇಟಾ ಬಳಸುತ್ತಿದ್ದೇನೆ ಎಂದು. ಎರಡೂ ದಿನ ಅವಳು ಮೇಲಿನ ಕೋಣೆಯಲ್ಲಿ ಓದುತ್ತಿದ್ದಳು. ಅವಳ ಫೋನ್ ಎಂದಿನಂತೆ 192.168.1.5 ಕೇಳಿದೆ, ಹಳೆಯ ರೂಟರ್ ಆ ಬೀದಿ ಇಲ್ಲಿಲ್ಲ ಎಂದು ನಿರಾಕರಿಸಿ ತನ್ನ ಬೀದಿಯ ವಿಳಾಸ ಕೊಟ್ಟಿದೆ. 5 ತೆರವಾಗಿದೆ, ಪ್ರಿಂಟರ್ ಬದುಕಿದೆ. ಊಹೆಯಲ್ಲೇ ಬಿಡುವುದು ಬೇಡವೆಂದು ಫೋನನ್ನು ಮೇಲಕ್ಕೆ ಒಯ್ದು ವೈಫೈ ಆರಿಸಿ ಹಾಕಿ ನೋಡಿದೆವು. ಮೂರನೆಯ ಪ್ರಯತ್ನಕ್ಕೆ 192.168.0.107 ಬಂತು. ಅಕ್ಕ ಕೆಳಗಿನಿಂದ ಒಂದು ಪುಟ ಮುದ್ರಿಸಿದಳು. ಬಂತು.

ಎರಡು ದೋಷಗಳು ಒಂದನ್ನೊಂದು ಮರೆಮಾಡುತ್ತಿದ್ದವು. ಎರಡರ ಬೇರೂ ಒಂದೇ: ಈ ಮನೆಯಲ್ಲಿ ವಿಳಾಸ ಹಂಚುವ ಕೈಗಳು ಮೂರು. ಕೆಳಗಿನ ರೂಟರ್, ಮೇಲಿನ ರೂಟರ್, ಪ್ರಿಂಟರಿನಲ್ಲಿ ಸಂಖ್ಯೆ ಬರೆದುಹೋದವರ ಬೆರಳು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿಲ್ಲ. ನಾನು ಮಾಡಬೇಕಿದ್ದದ್ದು ಹಂಚಿಕೆಯನ್ನು ಒಂದೇ ಕೈಗೆ ತರುವುದು.

ಹೊಸ ಲೆಕ್ಕ

ಸೆಟ್ಟಿಂಗ್ ಮುಟ್ಟುವ ಮೊದಲು ಕಾಗದದ ಮೇಲೆ ಬರೆದುಕೊಂಡೆ. ಮನೆಯಲ್ಲಿ ಎಷ್ಟು ಉಪಕರಣಗಳಿವೆ ಎಂದರೆ ಅಕ್ಕ ಹತ್ತಿರಬಹುದು ಎಂದಳು. ಎರಡು ರೂಟರುಗಳ ಪಟ್ಟಿ ಸೇರಿಸಿ ಎಣಿಸಿದಾಗ 23 ಆದವು. ಟಿವಿ, ಸ್ಪೀಕರ್, ಬಲ್ಬ್, ಕೈಗಡಿಯಾರ ಎಲ್ಲವೂ ಒಂದೊಂದು ವಿಳಾಸ ಹಿಡಿದು ಕುಳಿತಿದ್ದವು.

ಮೊದಲ ತೀರ್ಮಾನ, ಬೀದಿಯ ಹೆಸರನ್ನೇ ಬದಲಾಯಿಸುವುದು. 192.168.1 ಇದ್ದರೆ ಏನು ತಪ್ಪು ಎಂದು ಭಾವ ಕೇಳಿದರು. ಮನೆಯೊಳಗಿನ ಮಟ್ಟಿಗೆ ತಪ್ಪೇನಿಲ್ಲ. ಆದರೆ ಅಕ್ಕ ಮಾತಿನ ನಡುವೆ ಇನ್ನೊಂದು ವಿಷಯ ಹೇಳಿದ್ದಳು. ಮನೆಯಿಂದ ಕಚೇರಿಯ ವಿಪಿಎನ್ (ಇಂಟರ್ನೆಟ್ ಮೂಲಕ ಕಚೇರಿಯ ನೆಟ್‌ವರ್ಕಿಗೆ ಹೋಗುವ ಖಾಸಗಿ ಸುರಂಗ) ಸೇರಿದಾಗ ಒಂದು ಸರ್ವರ್ ಮಾತ್ರ ತೆರೆಯುವುದಿಲ್ಲವಂತೆ. ಅದು ಕಚೇರಿಯವರ ತೊಂದರೆ ಎಂದುಕೊಂಡು ದೂರುಗಳ ಪಟ್ಟಿಗೆ ಸೇರಿಸಿರಲಿಲ್ಲ. ಸರ್ವರಿನ ವಿಳಾಸ ಕೇಳಿದೆ: 192.168.1.40. ಅಕ್ಕನ ಲ್ಯಾಪ್‌ಟಾಪ್ ಆ ವಿಳಾಸ ಕಂಡೊಡನೆ, ಇದು ನಮ್ಮ ಬೀದಿಯದೇ ಎಂದು ಮನೆಯೊಳಗೆ ಹುಡುಕುತ್ತಿತ್ತು. ವಿಪಿಎನ್ ಸುರಂಗದ ಬಾಯಿಗೇ ಹೋಗುತ್ತಿರಲಿಲ್ಲ.

ಖಾಸಗಿ ನೆಟ್‌ವರ್ಕುಗಳಿಗೆ ಎಂದು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ನಿಯಮಪತ್ರ ಮೂರು ವ್ಯಾಪ್ತಿಗಳನ್ನು ಬಿಟ್ಟುಕೊಟ್ಟಿದೆ: 10.0.0.0ರಿಂದ 10.255.255.255, 172.16.0.0ರಿಂದ 172.31.255.255, 192.168.0.0ರಿಂದ 192.168.255.255. ಇವನ್ನು ಯಾರನ್ನೂ ಕೇಳದೆ ಬಳಸಬಹುದು, ಹೊರಗಿನ ಇಂಟರ್ನೆಟ್ಟಿನಲ್ಲಿ ಇವು ಓಡಾಡುವುದಿಲ್ಲ. 32 ಬಿಟ್‌ಗಳ ವಿಳಾಸ ಒಟ್ಟು 4,294,967,296 ಮಾತ್ರ. ಹೊಸದಾಗಿ ಹಂಚಲು ಕೇಂದ್ರ ದಾಸ್ತಾನಿನಲ್ಲಿದ್ದದ್ದು 2011ರ ಫೆಬ್ರವರಿಯಲ್ಲಿ ಖಾಲಿಯಾಯಿತು. ಮನೆಮನೆಯೂ ಒಂದೇ ಬಗೆಯ ಒಳವಿಳಾಸ ಬಳಸಿ, ಹೊರಗೆ ಹೋಗುವಾಗ ರೂಟರಿನ ನ್ಯಾಟ್ ಅದನ್ನು ಬದಲಿಸಿ ಕಳುಹಿಸುವುದರಿಂದಲೇ ಇಷ್ಟು ಉಪಕರಣಗಳು ನಡೆಯುತ್ತಿವೆ. ಇಷ್ಟು ವಿಶಾಲ ಜಾಗವಿದ್ದರೂ ಬಹಳಷ್ಟು ರೂಟರುಗಳು 192.168.0 ಅಥವಾ 192.168.1ರಲ್ಲೇ ಹುಟ್ಟುತ್ತವೆ. ವಿಪಿಎನ್ ಬಳಸುವ ಮನೆಯಲ್ಲಿ ಇವೆರಡನ್ನು ಬಿಡುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಮನೆಗೆ 192.168.37 ಆರಿಸಿದೆ. 37ಕ್ಕೆ ವಿಶೇಷ ಅರ್ಥವಿಲ್ಲ. ಸುಲಭವಾಗಿ ಯಾರಿಗೂ ಹೊಳೆಯದ ಸಂಖ್ಯೆ, ಅಷ್ಟೇ.

ಬೀದಿಯೊಳಗಿನ ಹಂಚಿಕೆ ಹೀಗೆ. 1 ಮುಖ್ಯ ರೂಟರಿಗೆ, 2 ಮೇಲಿನ ಹಳೆಯ ರೂಟರಿಗೆ. 10ರಿಂದ 49ರವರೆಗೆ ಸ್ಥಿರ ವಿಳಾಸ ಬೇಕಾದವಕ್ಕೆ: ಪ್ರಿಂಟರ್ 10, ಕ್ಯಾಮೆರಾ 11, ಟಿವಿ 12, ಕಿರಿಯ ಮಗನ ಟ್ಯಾಬ್ಲೆಟ್ 21. 100ರಿಂದ 199ರವರೆಗೆ ಬಂದುಹೋಗುವವರಿಗೆ ಡಿಎಚ್‌ಸಿಪಿ ಹಂಚುವ ವ್ಯಾಪ್ತಿ. 23 ಉಪಕರಣಗಳ ಮನೆಗೆ ಅದು ಧಾರಾಳ. ನಡುವಿನ ಖಾಲಿ ಜಾಗವನ್ನು ಬೇಕೆಂದೇ ಬಿಟ್ಟೆ.

ಸ್ಥಿರ ವಿಳಾಸ ಬೇಕಾದ ಯಾವ ಯಂತ್ರದಲ್ಲಿಯೂ ಸಂಖ್ಯೆಯನ್ನು ಕೈಯಿಂದ ಬರೆಯಲಿಲ್ಲ. ಎಲ್ಲವನ್ನೂ ಸ್ವಯಂಚಾಲಿತಕ್ಕೆ ಬಿಟ್ಟು, ರೂಟರಿನಲ್ಲಿ ಇಂಥ ಮ್ಯಾಕ್ ವಿಳಾಸದವರು ಬಂದರೆ ಇಂಥ ಐಪಿ ಕೊಡು ಎಂದು ಕಾಯ್ದಿರಿಸಿದೆ. ಯಂತ್ರಕ್ಕೆ ಯಾವಾಗಲೂ ಅದೇ ವಿಳಾಸ ಸಿಗುತ್ತದೆ, ರೂಟರಿನ ಪುಸ್ತಕದಲ್ಲೂ ಅದು ದಾಖಲಾಗಿರುತ್ತದೆ. ಈ ರೂಟರ್ ಹಂಚಿಕೆಯ ವ್ಯಾಪ್ತಿಯ ಹೊರಗಿನ ಸಂಖ್ಯೆಯನ್ನೂ ಕಾಯ್ದಿರಿಸಲು ಒಪ್ಪಿತು. ಕೆಲವು ಒಪ್ಪುವುದಿಲ್ಲ, ಅಂಥವುಗಳಲ್ಲಿ ವ್ಯಾಪ್ತಿಯನ್ನೇ 10ರಿಂದ 199 ಎಂದು ಹಿಗ್ಗಿಸಿಕೊಳ್ಳಬೇಕು.

ಬದಲಾಯಿಸಿದ ಬಗೆ

ಮೊದಲು ಹಳೆಯ ರೂಟರ್. ಕೆಳಗಿನಿಂದ ಬಂದ ಕೇಬಲ್ ಕಿತ್ತು, ನನ್ನ ಲ್ಯಾಪ್‌ಟಾಪನ್ನು ನೇರವಾಗಿ ಅದಕ್ಕೆ ಜೋಡಿಸಿದೆ. ಇಲ್ಲಿ ಕ್ರಮ ಮುಖ್ಯ. ಮೊದಲು ಅದರ ಸ್ವಂತ ಲ್ಯಾನ್ ವಿಳಾಸವನ್ನು 192.168.0.1ರಿಂದ 192.168.37.2ಕ್ಕೆ ಬದಲಿಸಬೇಕು. ಅದು ಮರುಚಾಲನೆಯಾದ ಮೇಲೆ ಹೊಸ ವಿಳಾಸದಲ್ಲಿ ಮತ್ತೆ ಒಳಹೊಕ್ಕು ಡಿಎಚ್‌ಸಿಪಿ ಆರಿಸಬೇಕು. ಮೊದಲೇ ಡಿಎಚ್‌ಸಿಪಿ ಆರಿಸಿದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇಲ್ಲದೆ, ಒಳಹೋಗಲು ನೀವೇ ವಿಳಾಸ ಬರೆದುಕೊಳ್ಳಬೇಕಾಗುತ್ತದೆ.

ಆರಿಸಿ ಉಳಿಸಿದ ಮೇಲೆ ಲ್ಯಾಪ್‌ಟಾಪಿನ ಕೇಬಲ್ ಕಿತ್ತು ಮತ್ತೆ ಹಾಕಿದೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ 169.254.83.16 ಎಂದು ಬಂತು. ಯಾರೂ ವಿಳಾಸ ಕೊಡದಿದ್ದಾಗ ಯಂತ್ರ ತಾನೇ ಹುಟ್ಟಿಸಿಕೊಳ್ಳುವ ವಿಳಾಸಗಳು 169.254 ಎಂದು ಶುರುವಾಗುತ್ತವೆ. ಬೇರೆ ದಿನವಾದರೆ ಇದು ತೊಂದರೆಯ ಸೂಚನೆ. ಇಂದು ಇದೇ ನನಗೆ ಬೇಕಾಗಿದ್ದ ಪುರಾವೆ: ಹಳೆಯ ರೂಟರ್ ಹಂಚುವುದನ್ನು ನಿಜವಾಗಿಯೂ ನಿಲ್ಲಿಸಿದೆ. ಅದರ ಬೆನ್ನಿಗೆ ಒಂದು ಚೀಟಿ ಅಂಟಿಸಿದೆ: "192.168.37.2. ಡಿಎಚ್‌ಸಿಪಿ ಆರಿಸಿದೆ. ರೀಸೆಟ್ ಒತ್ತಬೇಡಿ." ರೀಸೆಟ್ ಒತ್ತಿದರೆ ಅದು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳಿ ಮತ್ತೆ ಯಜಮಾನಿಕೆ ಶುರುಮಾಡುತ್ತದೆ.

ಮುಖ್ಯ ರೂಟರಿನಲ್ಲಿ ನಾನು ಒಂದು ತಪ್ಪು ಮಾಡಿದೆ. ಪ್ರಿಂಟರನ್ನು ಸ್ವಯಂಚಾಲಿತಕ್ಕೆ ಬದಲಿಸುವ ಮೊದಲೇ ರೂಟರಿನ ವಿಳಾಸವನ್ನು 192.168.37.1 ಮಾಡಿಬಿಟ್ಟೆ. ರೂಟರ್ ಹೊಸ ಬೀದಿಗೆ ಹೋಯಿತು, ಪ್ರಿಂಟರ್ 192.168.1.5 ಹಿಡಿದುಕೊಂಡು ಯಾರೂ ಇಲ್ಲದ ಹಳೆಯ ಬೀದಿಯಲ್ಲಿ ಉಳಿಯಿತು. ಬ್ರೌಸರಿನಲ್ಲಿ ಒಂದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸವನ್ನು ಪ್ರಿಂಟರಿನ ಎರಡು ಸಾಲಿನ ಪುಟ್ಟ ಪರದೆಯ ಮೇಲೆ ಮೂರು ಗುಂಡಿ ಒತ್ತಿ ಒತ್ತಿ ಇಪ್ಪತ್ತು ನಿಮಿಷದಲ್ಲಿ ಮಾಡಬೇಕಾಯಿತು. ಪರದೆ ಇಲ್ಲದ ಯಂತ್ರವಾಗಿದ್ದರೆ ಲ್ಯಾಪ್‌ಟಾಪಿಗೆ ತಾತ್ಕಾಲಿಕವಾಗಿ 192.168.1ರ ವಿಳಾಸ ಬರೆದು ಅದನ್ನು ತಲುಪಬೇಕಾಗುತ್ತಿತ್ತು.

ಇನ್ನೊಂದನ್ನು ಹಿಂದಿನ ದಿನವೇ ಮಾಡಿಸಬೇಕಿತ್ತು. ಗೇಣಿಯ ಅವಧಿಯನ್ನು 86,400 ಸೆಕೆಂಡಿನಿಂದ 600ಕ್ಕೆ ಇಳಿಸಿಟ್ಟಿದ್ದರೆ, ಮರುದಿನ ಬೀದಿ ಬದಲಾದ ಹತ್ತು ನಿಮಿಷದೊಳಗೆ ಎಲ್ಲ ಉಪಕರಣಗಳೂ ತಾವಾಗಿಯೇ ಹೊಸ ವಿಳಾಸ ಕೇಳುತ್ತಿದ್ದವು. ಹಾಗೆ ಮಾಡದ್ದರಿಂದ ಹಳೆಯ ವಿಳಾಸಕ್ಕೆ ಅಂಟಿಕೊಂಡಿದ್ದ ಟಿವಿ, ಬಲ್ಬ್, ಸ್ಪೀಕರುಗಳನ್ನು ಒಂದೊಂದಾಗಿ ಆರಿಸಿ ಹಾಕುತ್ತಾ ಮನೆಯೆಲ್ಲ ಸುತ್ತಿದೆವು.

ಕಡೆಯದಾಗಿ ಅಕ್ಕನ ಲ್ಯಾಪ್‌ಟಾಪಿನಲ್ಲಿ ಮುದ್ರಣದ ಪೋರ್ಟ್, ಅಂದರೆ ಪುಟ ಕಳುಹಿಸುವ ವಿಳಾಸ, ಇನ್ನೂ 192.168.1.5 ಎಂದೇ ಇತ್ತು. ಅದನ್ನು 192.168.37.10 ಎಂದು ತಿದ್ದಿದ ಮೇಲೆ, ಮಗಳು ಫೋನ್ ಹಿಡಿದು ಪಕ್ಕದಲ್ಲೇ ನಿಂತಿರುವಾಗಲೇ ಪುಟ ಬಂತು. ವಿಪಿಎನ್ ಸೇರಿಸಿ ನೋಡಿದಾಗ ಕಚೇರಿಯ ಆ ಸರ್ವರೂ ತೆರೆಯಿತು.

ಭಾವನಿಗೆ ಇನ್ನೊಂದು ಆಸೆ ಇತ್ತು, ಕ್ಯಾಮೆರಾವನ್ನು ಹೊರಗಿನಿಂದ ನೇರವಾಗಿ ನೋಡುವುದು. ರೂಟರಿನ ವ್ಯಾನ್ ಪುಟದಲ್ಲಿ ವಿಳಾಸ 100.72 ಎಂದು ಶುರುವಾಗಿತ್ತು. 100.64ರಿಂದ 100.127ರವರೆಗಿನದು ಸಂಪರ್ಕ ಕೊಡುವವರು ತಮ್ಮೊಳಗೆ ಬಳಸುವ ಹಂಚಿಕೆಯ ವಿಳಾಸ, ಮನೆಗೆ ಸ್ವಂತ ಸಾರ್ವಜನಿಕ ವಿಳಾಸವಿಲ್ಲ ಎಂದು ಅರ್ಥ. ಮನೆಯ ರೂಟರಿನಲ್ಲಿ ಹೊರಗಿನಿಂದ ಒಳಬರಲು ದಾರಿ (ಪೋರ್ಟ್) ತೆರೆದರೂ ಹೊರಗಿನಿಂದ ತಲುಪುವುದಿಲ್ಲ. ಅದನ್ನು ಹಾಗೆಯೇ ಬಿಟ್ಟೆವು.

ಎರಡು ವಾರಗಳ ನಂತರ

ಪ್ರಿಂಟರ್, ಮೇಲಿನ ಕೋಣೆ, ಕ್ಯಾಮೆರಾ ಮೂರರಿಂದಲೂ ದೂರಿಲ್ಲ. ಒಂದೇ ಒಂದು ಉಳಿದಿತ್ತು. ಕಿರಿಯ ಮಗನ ಟ್ಯಾಬ್ಲೆಟಿಗೆ ರಾತ್ರಿ ಒಂಬತ್ತರ ಮೇಲೆ ಇಂಟರ್ನೆಟ್ ನಿಲ್ಲಬೇಕು ಎಂದು 192.168.37.21ಕ್ಕೆ ರೂಟರಿನಲ್ಲಿ ಸಮಯದ ಮಿತಿ ಹಾಕಿದ್ದೆ. ನಿಲ್ಲುತ್ತಲೇ ಇರಲಿಲ್ಲ. ಪಟ್ಟಿಯಲ್ಲಿ ನೋಡಿದರೆ ಟ್ಯಾಬ್ಲೆಟ್ 21ರಲ್ಲಿರಲಿಲ್ಲ, 192.168.37.113ರಲ್ಲಿತ್ತು.

ಕಾಯ್ದಿರಿಸುವಾಗ ನಾನು ಬರೆದದ್ದು ಪೆಟ್ಟಿಗೆಯ ಮೇಲೆ ಮುದ್ರಿಸಿದ್ದ ಮ್ಯಾಕ್ ವಿಳಾಸ. ಈಗಿನ ಫೋನ್ ಮತ್ತು ಟ್ಯಾಬ್ಲೆಟುಗಳು ಅದನ್ನು ಹೊರಗೆ ತೋರಿಸುವುದಿಲ್ಲ. ಬಳಸುವವರ ಜಾಡು ಹಿಡಿಯಲು ಆಗದಂತೆ ಪ್ರತಿ ವೈಫೈಗೂ ಒಂದೊಂದು ಕೃತಕ ಮ್ಯಾಕ್ ವಿಳಾಸ ಕಟ್ಟಿಕೊಳ್ಳುತ್ತವೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಇದು ತಾನಾಗಿಯೇ ಚಾಲೂ ಇರುತ್ತದೆ. ಗುರುತಿಸುವುದು ಸುಲಭ: ಮ್ಯಾಕ್ ವಿಳಾಸದ ಎರಡನೆಯ ಅಂಕೆ ಅಥವಾ ಅಕ್ಷರ 2, 6, ಎ (A) ಅಥವಾ ಇ (E) ಆಗಿದ್ದರೆ ಅದು ಕಾರ್ಖಾನೆಯ ಸಂಖ್ಯೆಯಲ್ಲ. ರೂಟರಿನ ಪಟ್ಟಿಯಲ್ಲಿ 113ರ ಎದುರಿದ್ದ ಮ್ಯಾಕ್ ವಿಳಾಸದ ಎರಡನೆಯ ಅಂಕೆ 6.

ಹೊರಗಿನ ವೈಫೈಗಳಲ್ಲಿ ಈ ರಕ್ಷಣೆ ಬೇಕೇಬೇಕು, ಅದನ್ನು ಪೂರ್ತಿ ಆರಿಸುವುದು ತಪ್ಪು. ಟ್ಯಾಬ್ಲೆಟಿನಲ್ಲಿ ಈ ಮನೆಯ ವೈಫೈ ಒಂದಕ್ಕೆ ಮಾತ್ರ ಯಂತ್ರದ ನಿಜವಾದ ಮ್ಯಾಕ್ ವಿಳಾಸ ಬಳಸುವಂತೆ ಬದಲಿಸಲು ಅಕ್ಕನಿಗೆ ಫೋನಿನಲ್ಲೇ ಹೇಳಿದೆ. ಸೆಟ್ಟಿಂಗ್ ಹುಡುಕಲು ಅವಳಿಗೆ ಐದು ನಿಮಿಷ ಹಿಡಿಯಿತು. ವೈಫೈ ಆರಿಸಿ ಮತ್ತೆ ಹಾಕಿದಾಗ ಟ್ಯಾಬ್ಲೆಟಿಗೆ 192.168.37.21 ಬಂತು. ಆ ರಾತ್ರಿ ಒಂಬತ್ತು ಗಂಟೆ ಎರಡು ನಿಮಿಷಕ್ಕೆ, ಆಟ ಅರ್ಧಕ್ಕೇ ನಿಂತಿತೆಂದು ಸೋದರಳಿಯ ತಾನೇ ನನಗೆ ಫೋನ್ ಮಾಡಿದ.